ದೇವರ ಪಾಲಿನ ಎಳೆ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಮಾತೂ ಅಷ್ಟಕ್ಕಷ್ಟೆ. ಐದನೆಯ ಇಯತ್ತೆಗೇ ಸಾಲೆ ಬಿಟ್ಟವಳೆಂದು ಹೊಟ್ಟೆಗೆ ಹಾಕಿಕೊಳ್ಳಿ. ಇದು ನಮ್ಮವ್ವ ಅಂಬವ್ವನ ಕಥೆ. ಲೆಕ್ಕ ಮಾತ್ರ ನನ್ನದು.

ಇಳಕಲ್ಲಿನ ನಮ್ಮ ಮಗ್ಗದ ಮೇಲೆ ನವನಗರದ ಮದುಮಗಳ ಸೀರೆ ಇತ್ತು. ಹಾಸಿನ ನಾಲ್ಕು ಸಾವಿರ ಎಳೆಗೂ ಸೆರಗಿನ ಕೆಂಪು ರೇಷ್ಮೆಯ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಬೇಕು. ಎರಡು ಸಾವಿರದ ಮುನ್ನೂರ ಅರವತ್ತೇಳು ಆಗುವಷ್ಟರಲ್ಲಿ ರೇಷ್ಮೆ ತೀರಿತು. ಇನ್ನೆಷ್ಟು ಬೇಕೆಂದು, ಹಾಸು ರೇಷ್ಮೆ ಕೊಟ್ಟು ನೇಯಿಸುವ ಕಳಕಪ್ಪ ಸಾವಕಾರರಿಗೆ ಚೀಟಿ ಬರೆಯಬೇಕು. ಹೆಚ್ಚು ಕೇಳಿದರೆ ಕದ್ದಂತೆ. ಸೀರೆ ಕೆಟ್ಟರೆ ಮುಂದಿನ ಹಾಸು ಇಲ್ಲ, ಹಾಸಿಲ್ಲದ ಮನೆಯಲ್ಲಿ ಒಲೆ ಇಲ್ಲ. ಆದರೂ ಮಗಳು, ಅಂದರೆ ನಾನು, ಲೆಕ್ಕಕ್ಕೆ ಪಾಟಿ ಹಿಡಿದಾಗ ಅಂಬವ್ವನಿಗೆ ದೊಡ್ಡ ಆಫೀಸರನ್ನೇ ಹೆತ್ತಷ್ಟು ಹೆಮ್ಮೆ.

ಮಗಳು ನಾಲ್ಕು ಸಾವಿರದ ಕೆಳಗೆ ಮುಗಿದ ಎಳೆಗಳ ಅಂಕಿಯನ್ನು ಮನೆ ಮನೆಯಾಗಿ ಬರೆದಾಗ ಅಂಬವ್ವ ಕೇಳಿದಳು: “ಕಡೀ ಮನ್ಯಾಗ ಸೊನ್ನಿ ಐತಿ. ಏಳು ಹ್ಯಾಂಗ ಕಳೀತಿ?”

“ಮಗ್ಗಲ ಮನ್ಯಾಗ ಕಡ ಕೇಳೂದು ಯವ್ವಾ.”

“ಅಲ್ಲೂ ಸೊನ್ನಿ.”

“ಅದರ ಮಗ್ಗಲ ಮನ್ಯಾಗ.”

“ಅಲ್ಲೂ ಸೊನ್ನಿ! ಇದು ನಮ್ಮ ಓಣೀನ ಐತಿ ಬಿಡ.”

ನಾಲ್ಕರ ಮನೆ ಒಂದು ಕೊಟ್ಟು ಮೂರಾಯಿತು. ನಡುವಿನ ಎರಡು ಮನೆಗಳು ಹತ್ತು ಪಡೆದು, ಒಂದು ಮುಂದೆ ದಾಟಿಸಿ, ಒಂಬತ್ತು ಇಟ್ಟುಕೊಂಡವು. ಕಡೆಯ ಮನೆಗೆ ಹತ್ತು ಬಂದವು.

“ಅಲ್ಲ ಜಯವ್ವಾ, ಹತ್ತು ಬಂದ ಮ್ಯಾಲ ಒಂದು ದೇವರ ಪಾಲು ತಗದಿಡಬೇಕಿಲ್ಲ? ಎಲ್ಲಾರ ಮನ್ಯಾಗ ಒಂಬತ್ತು, ನಮ್ಮನ್ಯಾಗ ಅಷ್ಟ ಹತ್ತು ಅಂದ್ರ ಜನರ ಕಣ್ಣು ಬೀಳ್ತಾವ.”

ಮಗಳಿಗೆ ಅದು ನ್ಯಾಯವೇ ಅನ್ನಿಸಿತು. (ಸಾಲೆಯಲ್ಲಿ ಹೀಗೆ ಹೇಳಿಕೊಟ್ಟಿರಲಿಲ್ಲ, ಅಥವಾ ಹೇಳಿದ ದಿನ ಅವಳು ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.) ಒಂಬತ್ತರಲ್ಲಿ ಏಳು ಹೋಗಿ ಎರಡು. ಚೀಟಿಯಲ್ಲಿ ಸಾವಿರದ ಆರುನೂರ ಮೂವತ್ತೆರಡು ಎಂದು ಬರೆದಳು. ಸಾವಕಾರರು ಎಣಿಸಿ ಅಷ್ಟೇ ಕೊಟ್ಟರು. ಅವರ ಹತ್ತಿರವೂ ಆ ಬಣ್ಣದ ರೇಷ್ಮೆ ಅಲ್ಲಿಗೆ ಮುಗಿಯಿತು.

ನಾಲ್ಕು ದಿನ ಕೊಂಡಿ ಹಾಕಿದ ಮೇಲೆ ಹಾಸಿನ ಒಂದು ಎಳೆ ಜೊತೆಯಿಲ್ಲದೆ ಉಳಿಯಿತು. ಅಂಬವ್ವ ಹಾಸು ತಡಕಿದಳು, ನೆಲ ತಡಕಿದಳು, ಕಡೆಗೆ ದೇವರ ಜಗಲಿಯನ್ನೂ ತಡಕಿದಳು. ಆಮೇಲೆ ಟ್ರಂಕು ತೆಗೆದು, ತನ್ನ ಮದುವೆ ಸೀರೆಯ ಸೆರಗಿನಿಂದ ಒಂದು ಕೆಂಪು ಎಳೆ ಎಳೆದು ಹೂಡಿದಳು. ಇಪ್ಪತ್ತು ವರ್ಷದ ಕೆಂಪು.

ಸಾವಕಾರರು ಸೀರೆಯನ್ನು ಬಿಸಿಲಿಗೆ ಹಿಡಿದರು. ಸೆರಗಿನಲ್ಲಿ ಮಾಸಿದ ಗೆರೆಯೊಂದು ಎದ್ದು ಕಂಡಿತು.

“ಇದೇನ ಅಂಬವ್ವಾ?”

“ದೇವರ ಪಾಲ್ರಿ.”

“ಹಂಗಾರ ಮುಂದಿನ ಹಾಸೂ ದೇವರ ಕಡೇನ ಇಸ್ಕೋ.”

ಮಗ್ಗ ನಿಂತು ಒಂಬತ್ತು ದಿನವಾಯಿತು. ಅವ್ವ ಬೈದಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಇವತ್ತು ಆ ಲೆಕ್ಕವನ್ನು ಕಡೆಯ ಮನೆಯಲ್ಲಿ ಹತ್ತು ಹತ್ತಾಗಿಯೇ ಇಟ್ಟು ಇನ್ನೊಮ್ಮೆ ಮಾಡುತ್ತೇನೆ. ನಾಳೆ ಮುಂಜಾನೆ ಪವರ್‌ಲೂಮಿಗೆ ಕೆಲಸ ಕೇಳಲು ಹೋಗುತ್ತೇನೆ.