ಅಲುಗಾಡದ ಪೈಪು

ಶ್ರೀನಾಥನ ಗ್ರಹಚಾರ ಶುರುವಾದದ್ದು ಅಮ್ಮನ ಫೋನಿನಿಂದ. ಮರುದಿನ ಬೆಳಿಗ್ಗೆ ಮೈಸೂರಿನಲ್ಲಿ ಅವನ ನಿಶ್ಚಿತಾರ್ಥ. ಆಫೀಸಿನ ಕೆಲಸವೆಂದು ಅದನ್ನು ಈಗಾಗಲೇ ಎರಡು ಸಲ ಮುಂದೂಡಿಸಿದ್ದ ಮಹಾನುಭಾವ.

"ಈ ಸಲಾನೂ ಬರ್ಲಿಲ್ಲಾಂದ್ರೆ ನಿನ್ ತಮ್ಮ ನಿಶಾಂತನ್ನೇ ಮಣೆ ಮೇಲೆ ಕೂರಿಸ್ತೀನಿ ನೋಡು," ಎಂದರು ಪ್ರೇಮಮ್ಮ.

"ರಾತ್ರಿ ರೈಲು ಹತ್ತಿದೆ ಅಂತಾನೇ ತಿಳ್ಕೊಳ್ಳಮ್ಮ."

ಹತ್ತುವ ಮೊದಲು ಒಂದು ಪೈಪಿನ ಲೆಕ್ಕ ಮುಗಿಸಬೇಕಿತ್ತು. ಅವನ ಆಫೀಸಿದ್ದ ಚೆನ್ನೈನ ಹೊರವಲಯ ಮಣಲಿಯ ಒಂದು ಕಾರ್ಖಾನೆಯಲ್ಲಿ ವಾಲ್ವ್ ಪೂರ್ತಿ ತೆರೆದರೆ ನೀರಿನ ಪೈಪು ಮೈಮೇಲೆ ದೇವರು ಬಂದಂತೆ ನಡುಗುತ್ತಿತ್ತು. ಒಳಗೆ ನೀರು ಸುಳಿಸುಳಿಯಾಗಿ ಹೇಗೆ ನುಗ್ಗುತ್ತದೆಂದು ಕಂಪ್ಯೂಟರಿನಲ್ಲಿ ಹರಿಸಿ ತೋರಿಸಬೇಕು. ಪೈಪನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ನೀರಿನ ವೇಗ ಕೊಟ್ಟು, ಪರದೆಯ ಮೇಲೆ ಲೆಕ್ಕದ ತಪ್ಪು ಎಷ್ಟೆಂದು ತೋರಿಸುವ ಗೆರೆ ಕೆಳಗಿಳಿದು ತೆಪ್ಪಗಾಗುವವರೆಗೆ ಕಾಯುವ ಕೆಲಸ. ಮಧ್ಯಾಹ್ನವಾದರೂ ಗೆರೆ ಇಳಿಯಲೊಲ್ಲದು.

ಉಪದೇಶಕ್ಕೆ ಮಾತ್ರ ಬರವಿರಲಿಲ್ಲ. ಚೆನ್ನೈನಲ್ಲೇ ಹುಟ್ಟಿ ಬೆಳೆದ ಪಕ್ಕದ ಸೀಟಿನ ಪ್ರಣಮ್ಯಾ ಬಗ್ಗಿ ನೋಡಿದಳು. "ಅಯ್ಯೋ, ಚೌಕ ಇಷ್ಟು ದೊಡ್ಡದಾ? ಇನ್ನೂ ಚಿಕ್ಕದು ಮಾಡು, ಎಲ್ಲಾಂ ಸರಿಯಾಯಿಡುಂ."

ಮಾಡಿದ. ಕಂಪ್ಯೂಟರು ಒಮ್ಮೆ ಗೊರಕೆ ಹೊಡೆದು ನಿಂತೇಹೋಯಿತು. ಅಷ್ಟರಲ್ಲಿ ಪಂಡಿತೆ ಕಾಫಿ ಕುಡಿಯಲು ಹೋಗಿಯಾಗಿತ್ತು.

ಮತ್ತೆ ಮೊದಲಿನಿಂದ ಶುರು ಮಾಡಿದಾಗ ಮ್ಯಾನೇಜರ್ ರಘುರಾಮ ಬಂದರು. ಈ ವಿದ್ಯೆಯಲ್ಲಿ ಅವರಿಗೆ ತಿಳಿಯುತ್ತಿದ್ದದ್ದು ಬಣ್ಣ ಒಂದೇ. "ಏನ್ರೀ ಇದು, ಬರೀ ಕೆಂಪು? ಕಸ್ಟಮರ್ ಹೆದರಿಕೊಳ್ತಾರೆ. ನೀಲಿ ತನ್ನಿ, ಹಸಿರು ತನ್ನಿ. ಸಂಜೆ ಮೀಟಿಂಗ್ ಇದೆ."

ಶ್ರೀನಾಥ ಕೊನೆಗೂ ಬುದ್ಧಿ ಓಡಿಸಿದ, ಇದ್ದಷ್ಟನ್ನು. ಸುಳಿಯ ಲೆಕ್ಕವನ್ನೇ ಕಿತ್ತುಹಾಕಿ, ನೀರು ಎಣ್ಣೆಯಂತೆ ಶಾಂತವಾಗಿ ಹರಿಯುತ್ತದೆಂದು ಒತ್ತಿಬಿಟ್ಟ. ಗೆರೆ ಸರ್ರನೆ ಜಾರಿತು. ಚಿತ್ರದ ತುಂಬ ನೀಲಿ, ಹಸಿರು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಮೇಜಿನ ಕೆಳಗೆ ರೇಷ್ಮೆ ಪಂಚೆ ತುಂಬಿದ್ದ ಬ್ಯಾಗನ್ನು ಪ್ರೀತಿಯಿಂದ ಸವರಿದ.

ಕಾರ್ಖಾನೆಯಿಂದ ಬಂದ ಅಧಿಕಾರಿ ಸತ್ಯನಾರಾಯಣ, ತಲೆಮಾರುಗಳಿಂದ ಚೆನ್ನೈನ ರಾಯಪುರಂನಲ್ಲಿ ನೆಲೆಸಿದ ಕನ್ನಡಿಗರು. ಚಿತ್ರ ನೋಡಿ ಹಿರಿಹಿರಿ ಹಿಗ್ಗಿದರು.

"ಸೂಪರಪ್ಪಾ! ಹಾಗಾದ್ರೆ ಪೈಪು ಅಲ್ಲಾಡೋದೇ ಇಲ್ವಾ?"

"ಒಂಚೂರೂ ಇಲ್ಲ ಸಾರ್. ವಾಲ್ವ್ ಧೈರ್ಯವಾಗಿ ತೆಗೀಬಹುದು."

"ನೋಡಿದ್ರಾ ರಘುರಾಮ್, ನಮ್ಮವನು ನಮ್ಮವನೇ! ನಮ್ಮ ಆಳುಗಳು ಆ ಪೈಪ್ ಪಕ್ಕ ಹೋಗೋಕೇ ಭಯಪಡ್ತಾರೆ. ನಾಳೆ ಕಾಲೈಲೆ, ಬೆಳಬೆಳಿಗ್ಗೇನೇ, ವಾಲ್ವ್ ಪೂರ್ತಿ ತೆರೀತೀನಿ. ಕಣ್ಣಾ, ನೀನೇ ಬಂದು ಪೈಪ್ ಮೇಲೆ ಕೈಯಿಟ್ಟು ನಿಂತ್ಕೋ. ಕನ್ನಡದ ಹುಡುಗ ಹೇಳಿದ್ಮೇಲೆ ನಂಗೆ ಬೇರೆ ಗ್ಯಾರಂಟಿ ಯಾಕೆ?"

"ಸಾರ್, ನಾಳೆ ನನ್ನ..."

"ಖಂಡಿತ ಬರ್ತಾರೆ," ಎಂದರು ರಘುರಾಮ.

ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಕೈ. ಕೆಲಸವನ್ನೇ ಆರಿಸಿಕೊಂಡ ಶ್ರೀನಾಥ ಹೊರಗೆ ಬಂದು ಮನೆಗೆ ಫೋನು ಮಾಡಿದ.

"ಅಮ್ಮಾ, ನಿಶಾಂತಂಗೆ ಶೇವ್ ಮಾಡ್ಕೊಂಡು ರೆಡಿ ಇರೋಕೆ ಹೇಳು," ಎಂದ, ಅಳುವ ದನಿಯಲ್ಲಿ.

"ಬೆಳಿಗ್ಗೇನೇ ಮಾಡಿಸ್ಕೊಂಡು ಬಂದ ಕಣೋ," ಎಂದರು ಪ್ರೇಮಮ್ಮ. "ಪಂಚೇನೂ ಇಸ್ತ್ರಿ ಆಗಿದೆ."