ತಪ್ಪಿಲ್ಲದವರಿಗೆ ಬೈಯುವ ನಮ್ಮ ಮಾಮಾ

ನಮ್ಮ ಸೋದರಮಾವ ಜೀವಮಾನದಲ್ಲಿ ತಪ್ಪು ಮಾಡಿದವರಿಗೆ ಬೈದವರೇ ಅಲ್ಲ. ಹಾಗೆಂದ ಕೂಡಲೇ ಅವರನ್ನು ಸಾಧು ಸಂತರ ಸಾಲಿನಲ್ಲಿ ಕೂಡಿಸಿ ಕೈ ಮುಗಿದುಬಿಟ್ಟೀರಿ, ಜೋಕೆ! ಅವರು ದಿನವೂ ಬೈಯುತ್ತಿದ್ದರು. ಹೊಟ್ಟೆತುಂಬ ಬೈಯುತ್ತಿದ್ದರು. ಆದರೆ ತಪ್ಪು ಮಾಡಿದವನೊಬ್ಬನನ್ನು ಬಿಟ್ಟು, ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾನಲ್ಲ, ಅವನಿಗೆ!

ಅರವತ್ತರ ದಶಕದ ಮಾತು. ಮಾಮಾ ದಾಂಡೇಲಿಯ ಕಾಗದದ ಗಿರಣಿಯಲ್ಲಿ ಬಿದಿರು ಕತ್ತರಿಸುವ ಶೆಡ್ಡಿಗೆ ಫೋರಮನ್. ನಾನು ಧಾರವಾಡದಿಂದ ಟ್ರಂಕು ಹೊತ್ತು ಬಂದು ಅಲ್ಲೇ ಹತ್ತಿರ ಅಂಬೇವಾಡಿಯ ಅವರ ಮನೆಯಲ್ಲಿ ಉಂಡುಕೊಂಡು, ಅವರದೇ ಶೆಡ್ಡಿನಲ್ಲಿ ಹಾಜರಿ ಬರೆಯುವ ಕಾರಕೂನನಾಗಿ ಸೇರಿದೆ. ಮೊದಲ ದಿನ ಪೆನ್ನಿನ ಟೊಪ್ಪಿಗೆ ತೆಗೆದಿದ್ದೆನೋ ಇಲ್ಲವೋ, ಮಾಮಾ ಸಿಡಿಲಿನ ಹಾಗೆ ಬಂದು ನನ್ನೆದುರು ನಿಂತರು.

"ಏ ಖೋಡಿ! ಕಣ್ಣ ಕಿಸೇದಾಗ ಇಟಗೊಂಡ ಬಂದೀಯೇನು? ಮಷೀನಿನ ಪಟ್ಟಾ ಹೆಂಗ ಜಾರಾಕ ಹತ್ತೇತಿ ನೋಡು! ನಿಮ್ಮವ್ವ ನಿನಗ ಇದನ್ನ ಕಲಿಸ್ಯಾಳೇನು?"

ನಮ್ಮವ್ವ ಅವರ ಸ್ವಂತ ತಂಗಿ. ಪಟ್ಟಾ ಎಂದರೇನು, ಅದು ಎಲ್ಲಿಂದ ಎಲ್ಲಿಗೆ ಜಾರುತ್ತದೆ ಎಂಬುದು ನನಗೂ ಗೊತ್ತಿಲ್ಲ, ನಮ್ಮವ್ವನಿಗೂ ಗೊತ್ತಿಲ್ಲ. ನಾನು ಕಣ್ಣು ಕಣ್ಣು ಬಿಟ್ಟೆ. ಮಾಮಾ ಬಂದ ವೇಗದಲ್ಲೇ ಹೋದರು.

ಸ್ವಲ್ಪ ಹೊತ್ತಿಗೆ ಹಳಿಯಾಳದ ಕಡೆಯ ಹಳ್ಳಿಯೊಂದರಿಂದ ಬರುತ್ತಿದ್ದ ಸಿದ್ದಿ ಹುಡುಗ ಜುಜೆ ಒಂದು ಕಪ್ಪು ಚಹಾ ತಂದು ನನ್ನ ಮುಂದಿಟ್ಟ. "ಕುಡೀರಿ ಅಣ್ಣಾ. ಪಟ್ಟಾ ಅಂದ್ರ ಚಕ್ರದ ಬೆಲ್ಟರೀ, ಅದನ್ನ ಬಿಗಿ ಮಾಡೂದು ನನ್ನ ಕೆಲಸ. ನನ್ನ ಬೈಗಳಾ ನೀವು ಉಂಡ್ರಿ." ಅದನ್ನು ಕುಡಿದು ಮುಗಿಸುವಷ್ಟರಲ್ಲಿ ಹುಸೇನಸಾಬ ಇನ್ನೊಂದು ಕಪ್ಪು ತಂದ. ಯಂತ್ರಕ್ಕೆ ಎಣ್ಣೆ ಹೆಚ್ಚು ಸುರಿದವನು ತಾನಂತೆ. ಅವನ ಬೆನ್ನಿಗೇ ಬೆಳಗಾವಿ ಕಡೆಯ ಬಸಪ್ಪ. ಹಸಿ ಬಿದಿರು ತುರುಕಿದ್ದು ಅವನಂತೆ! ಬೈಸಿಕೊಂಡವನಿಗೆ ತಪ್ಪು ಮಾಡಿದವನು ಚಹಾ ಕುಡಿಸಬೇಕು, ಇದು ಆ ಶೆಡ್ಡಿನ ಪದ್ಧತಿ. ಮಾಮಾ ಕಂಡಿದ್ದು ಒಂದು ತಪ್ಪು, ಸಂಜೆಯೊಳಗೆ ರಿಪೇರಿಯಾದವು ಮೂರು! ನನಗೆ ಮಾತ್ರ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಅವಮಾನಕ್ಕೋ, ಚಹಕ್ಕೋ, ಹೇಗೆ ಹೇಳಲಿ?

ಮನೆಯಲ್ಲೂ ಇದೇ ಕಥೆ. ಸಾರಿಗೆ ಉಪ್ಪು ಹೆಚ್ಚಾದರೆ ಬೈಗುಳ ನನಗೆ. ಹಾಲು ಉಕ್ಕಿದರೆ ನನಗೆ. ಅತ್ತಿ ಪಾಪ, ತನ್ನ ತಪ್ಪಿಗೆ ಅಳಿಯ ಬೈಸಿಕೊಂಡನಲ್ಲ ಎಂದು ನನ್ನ ರೊಟ್ಟಿಗೆ ಇನ್ನೊಂದು ಚಮಚ ಬೆಣ್ಣೆ ಹಾಕುತ್ತಿದ್ದಳು. ಒಂದು ವರ್ಷದಲ್ಲಿ ನನ್ನ ಅಂಗಿಯ ಗುಂಡಿಗಳು ಕೂಡದಂತಾದವು. ಅವಮಾನದಿಂದ ದಪ್ಪಗಾದ ಮನುಷ್ಯನನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಒಮ್ಮೆ ಮಾಮಾನ ಜೊತೆ ಚಿಗಳ್ಳಿಗೆ ಹೊರಟಿದ್ದೆ, ನೆಂಟರ ಮನೆಯ ಸೀಮಂತಕ್ಕೆ. ಮುಂಡಗೋಡದ ಕಡೆ ಟಿಬೆಟಿನವರು ಆಗಷ್ಟೇ ಬಂದು ನೆಲೆಸಿದ್ದ ಕಾಲ. ಬಸ್ಸಿನಲ್ಲಿ ಅವರ ಪೈಕಿ ಒಬ್ಬ ಅಜ್ಜ ಮಾಮಾನ ಮಗ್ಗುಲಲ್ಲಿ ಕೂತಿದ್ದ. ಡ್ರೈವರ್ ನಮ್ಮ ಸ್ಟಾಪು ದಾಟಿಸಿ ಮುಂದೆ ಹೊಡೆದ. ಮಾಮಾ ಧಡಕ್ಕನೆ ಎದ್ದವರೇ ಆ ಅಜ್ಜನ ಕಡೆ ತಿರುಗಿದರು!

"ಏನ ತಿಳದೀರಿ ನೀವು? ಮಂದಿ ಇಳಿಯೂದು ಬ್ಯಾಡೇನು? ಹಿಂಗ ಹೊಡಕೊಂಡ ಹೋದ್ರ ನಾವೇನು ಹಾರಬೇಕೇನು?"

ಅಜ್ಜನಿಗೆ ಕನ್ನಡದ ಒಂದಕ್ಷರವೂ ತಿಳಿಯದು. ಆತ ಮುಖವೆಲ್ಲ ಅರಳಿಸಿ ನಕ್ಕ. ಯಾರೋ ಪುಣ್ಯಾತ್ಮ ಇಷ್ಟು ಅಕ್ಕರೆಯಿಂದ ಮಾತಾಡಿಸುತ್ತಿದ್ದಾನೆ ಎಂದುಕೊಂಡನೋ ಏನೋ, ತನ್ನ ಚೀಲದಿಂದ ಕಲ್ಲಿನಂಥ ಗಟ್ಟಿ ಗಿಣ್ಣದ ತುಂಡೊಂದನ್ನು ತೆಗೆದು ಮಾಮಾನ ಕೈಗಿಟ್ಟ. ಡ್ರೈವರ್ ನಾಚಿ ಬಸ್ಸು ನಿಲ್ಲಿಸಿ ಹಿಂದಕ್ಕೆ ತಂದ. ಮಾಮಾ ಮರ್ಯಾದೆಗೆ ಆ ತುಂಡನ್ನು ಬಾಯಿಗೆ ಹಾಕಿಕೊಂಡರು. ಅದು ಕರಗಲೊಲ್ಲದು, ಮುರಿಯಲೊಲ್ಲದು! ಸೀಮಂತ ಮುಗಿಯುವವರೆಗೂ ಅವರಿಂದ ಒಂದು ಮಾತು ಹೊರಡಲಿಲ್ಲ. ನಮ್ಮ ಮಾಮಾನ ಬಾಯಿ ಕಟ್ಟಿದ ಗಂಡಸು ಅವನೊಬ್ಬನೇ.

ಆ ದಿನ ವಾಪಸು ಬರುವಾಗ ಧೈರ್ಯ ಮಾಡಿ ಕೇಳಿಯೇ ಬಿಟ್ಟೆ. "ಮಾಮಾ, ತಪ್ಪ ಮಾಡಿದವರನ್ನ ಬಿಟ್ಟು ನನ್ನಂಥಾವಂಗ ಯಾಕ ಬೈತೀರಿ?"

"ತಪ್ಪ ಮಾಡಿದಾಂವ ಆಗಲೇ ಅರ್ಧಾ ಸತ್ತಿರ್ತಾನ. ಅವನ ಎದಿ ಮ್ಯಾಲೆ ಮತ್ತ ಕಲ್ಲ ಹೇರಬೇಕೇನು? ನಿನಗ ಬೈದ್ರ ಹತ್ತೂದಿಲ್ಲ. ಝಾಡಿಸಿಕೊಂಡ ಹೋಗ್ತಿ."

"ಹಂಗಾರ ಬೈಯೂದರ ಯಾಕ?"

"ಸಿಟ್ಟ ಬಂದಿರತೈತಲ್ಲೋ! ಅದನ್ನೇನು ಟ್ರಂಕಿನಾಗ ಇಡ್ಲಿ?"

ಇದು ಜಾಣತನವೋ ಹುಚ್ಚೋ? ಹಾಜರಿ ಬರೆಯುವವನ ತಲೆಗೆ ಎಷ್ಟು ಹೊಳೆದೀತು! ಬೈಸಿಕೊಂಡ ಜನ ಮುಖ ಬಾಡಿಸುವ ಬದಲು ಚಹಾ ಕುಡಿಯುತ್ತಿದ್ದರು, ಕೆಲಸವೂ ನೆಟ್ಟಗೆ ನಡೆಯುತ್ತಿತ್ತು. ಇಷ್ಟು ಮಾತ್ರ ನಾನು ಕಣ್ಣಾರೆ ಕಂಡದ್ದು.

ಅಷ್ಟರಲ್ಲಿ ಮೈಸೂರು ಕಡೆಯಿಂದ ಹೊಸ ಸಾಹೇಬರೊಬ್ಬರು ಬಂದರು. ಶಿಸ್ತಿನ ಮನುಷ್ಯ. ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆ ಮುರಿದೀತೆಂದು ಕೂಡುತ್ತಲೇ ಇರಲಿಲ್ಲ. ಶೆಡ್ಡಿನಲ್ಲಿ ಮಾಮಾನ ಬೈಗುಳ ಕೇಳಿ ಬೆರಗಾದರು.

"ಏನ್ರೀ ಇದು? ಕೆಲಸ ಕೆಡಿಸಿದ್ದು ಅವನು, ಬೈತಾ ಇರೋದು ಇವನಿಗೆ! ನಾಳೆಯಿಂದ ತಪ್ಪು ಮಾಡಿದವನನ್ನ ಹೆಸರು ಹಿಡಿದು ಕರೆದು ಬೈಯಿರಿ. ಆಗದಿದ್ದರೆ ಹೇಳಿ, ಬೇರೆ ಫೋರಮನ್ ನೋಡ್ತೀನಿ."

ಮಾಮಾ ಪಾಪ, ಕನ್ನಡಿ ಮುಂದೆ ನಿಂತು ರೂಢಿ ಮಾಡಿಕೊಂಡರು. ಮರುದಿನ ಜುಜೆಯನ್ನು ಕರೆದು, ಎಲ್ಲರ ಮುಂದೆ, ಸರಿಯಾದ ತಪ್ಪಿಗೆ, ಸರಿಯಾಗಿ ಬೈದರು. ಜುಜೆ ಅವತ್ತು ಯಾರಿಗೂ ಚಹಾ ತರಲಿಲ್ಲ. ಮುಂದಿನ ವಾರ ಪಟ್ಟಾ ಜಾರಿದಾಗ ಅವನು ಅದರ ಮೇಲೊಂದು ಗೋಣಿಚೀಲ ಮುಚ್ಚಿದ! ಹುಸೇನಸಾಬನೂ ಮುಚ್ಚಿದ, ಬಸಪ್ಪನೂ ಮುಚ್ಚಿದ. ಶೆಡ್ಡಿನಲ್ಲಿ ತಪ್ಪುಗಳೇ ಇಲ್ಲವಾದವು, ಯಂತ್ರ ಮಾತ್ರ ದಿನಾ ಕೆಡತೊಡಗಿತು. ಸಾಹೇಬರಿಗೆ ಗೊಂದಲ, ನಮಗೆ ಗೊಂದಲ. ವ್ಯಾಪಾರ ಬಿದ್ದುಹೋದ ಚಹದಂಗಡಿಯವನಿಗಂತೂ ದಿಕ್ಕೇ ತಿಳಿಯದು! ಮಾಮಾ ತಲೆನೋವೆಂದು ತಲೆಗೆ ಬಟ್ಟೆ ಬಿಗಿದುಕೊಂಡು ಓಡಾಡತೊಡಗಿದರು.

ಹೀಗಿರಲು ಒಂದು ಮಧ್ಯಾಹ್ನ ಢಂ ಎಂದು ಸದ್ದಾಯಿತು. ಬಿದಿರಿನ ಜೊತೆ ಕಬ್ಬಿಣದ ಸ್ಪ್ಯಾನರು, ನಮ್ಮ ಶೆಡ್ಡಿನ ಮಾತಿನಲ್ಲಿ ಪಾನಾ, ಯಂತ್ರದ ಬಾಯಿಗೆ ಹೋಗಿ ಕತ್ತರಿಸುವ ಅಲಗುಗಳೆಲ್ಲ ಚೂರಾಗಿದ್ದವು. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಸಾಹೇಬರು ಓಡಿ ಬಂದರು.

"ಯಾರ ಕೆಲಸ ಇದು? ಅವನಿಗೆ ನಾಳೆಯಿಂದ ಗೇಟಿನೊಳಗೆ ಜಾಗ ಇಲ್ಲ. ಫೋರಮನ್, ಹೆಸರು ಹಿಡಿದು ಕರೀರಿ ಅವನನ್ನ!"

ಅಲಗಿನ ಬೋಲ್ಟು ಬಿಗಿದು ಪಾನಾ ಅಲ್ಲೇ ಮರೆತವರು ಯಾರು ಎಂಬುದು ನಮಗೆಲ್ಲರಿಗೂ ಗೊತ್ತಿತ್ತು. ಅದು ಮಾಮಾನ ಪಾನಾ.

ಮಾಮಾ ಬಾಯಿ ತೆರೆಯುವ ಮೊದಲೇ ಜುಜೆ ಮುಂದೆ ಬಂದ. "ನಂದ ತಪ್ಪರೀ ಸಾಹೇಬ್ರ."

"ಅವಂದಲ್ಲರೀ, ನಂದು," ಎಂದ ಹುಸೇನಸಾಬ.

"ಇಬ್ಬರೂ ಸುಳ್ಳ ಹೇಳ್ತಾರರೀ. ನಾ ಇಟ್ಟಿದ್ದೆ," ಎಂದ ಬಸಪ್ಪ.

ನನಗೇನಾಯಿತೋ, ನಾನೂ ಮುಂದೆ ಹೋಗಿ "ನಂದರೀ" ಎಂದುಬಿಟ್ಟೆ. ಸಾಹೇಬರು ನನ್ನ ಕೈಯಲ್ಲಿದ್ದ ಪೆನ್ನನ್ನೂ ಸೊಟ್ಟಗಾದ ಪಾನಾವನ್ನೂ ತಿರುತಿರುಗಿ ನೋಡಿದರು.

ಆಗ ಮಾಮಾನ ಕಂಠ ಎದ್ದಿತು ನೋಡಿ! "ಏ ಖೋಡಿ! ತಲಿ ನರತರೂ ಬುದ್ಧಿ ಬರಲಿಲ್ಲೇನು? ಈ ಹುಡುಗೂರ ಕೈ ಹೋಗಿದ್ರ ನಿಮ್ಮಪ್ಪ ತಂದ ಕೊಡ್ತಿದ್ದನೇನು?" ಸಾಹೇಬರು ತಮಗೇ ಬೈದರೆಂದು ಒಂದು ಹೆಜ್ಜೆ ಹಿಂದೆ ಸರಿದರು. ನಾವು ಪ್ರತಿಯೊಬ್ಬರೂ ನಮ್ಮ ಬೆನ್ನ ಹಿಂದೆ ನೋಡಿಕೊಂಡೆವು. ಮಾಮಾ ಮಾತ್ರ ತಮ್ಮ ಎದೆಯನ್ನೇ ಗುದ್ದಿಕೊಳ್ಳುತ್ತಿದ್ದರು. "ನೀನ! ನೀನ ಮಾಡಿದ್ದು!"

ಹೆಸರು ಹಿಡಿದು ಕರೆಯಿರಿ ಎಂದ ಸಾಹೇಬರು ಆಫೀಸಿಗೆ ನಡೆದರು. ಸಂಜೆಗೆ ತೀರ್ಮಾನ ಬಂತು. ಮಾಮಾನ ಕೆಲಸ ಉಳಿಯಿತು, ಫೋರಮನ್ನಿಕೆ ಹೋಯಿತು. ನಾಳೆಯಿಂದ ಹೊರಗೆ ಬಿದಿರಿನ ರಾಶಿಯ ಹತ್ತಿರ, ಬೇರೊಬ್ಬನ ಕೈಕೆಳಗೆ.

ಮನೆಗೆ ಬಂದ ಮಾಮಾ ತಾಟಿನ ಮುಂದೆ ಕೂತರು. ಅತ್ತಿ ಬಡಿಸಿದ ರೊಟ್ಟಿ ಹಾಗೇ ಇತ್ತು. ಒಂದು ಬೈಗುಳವಿಲ್ಲ. ನನಗೆ ಹೆದರಿಕೆಯಾಯಿತು. ತಪ್ಪು ಮಾಡಿದವನಿಗೆ ಬೈಗುಳ ಹತ್ತುತ್ತದೆ ಎಂದು ಅವರೇ ಹೇಳಿದ್ದರಲ್ಲ, ಇವತ್ತು ಅವರಿಗೆ ಅವರದೇ ಹತ್ತಿಬಿಟ್ಟಿತ್ತು. ನಾನು ಮಣೆ ಸರಿಸಿಕೊಂಡು ಅವರ ಎದುರಿಗೆ ಕೂತೆ.

"ಮಾಮಾ, ನನಗ ಬೈರಿ."

ತಲೆ ಎತ್ತಿದರು. "ನೀ ಏನ ಮಾಡೀಯೋ?"

"ಏನೂ ಮಾಡಿಲ್ಲ. ಅದಕ್ಕ ಬೈರಿ."

ಮಾಮಾ ನನ್ನನ್ನೇ ನೋಡಿದರು. "ಮಂಗ್ಯಾ," ಎಂದರು. ನನ್ನ ಕುತ್ತಿಗೆಯ ಮೇಲೆ ಕೈಯಿಟ್ಟು ಮತ್ತೆ ಶುರು ಮಾಡಿದರು. "ಮಂಗ್ಯಾನ ಮಗನ..."

ಅಷ್ಟು ಸಣ್ಣ ದನಿಯಲ್ಲಿ ಅವರು ಯಾರಿಗೂ ಬೈದದ್ದಿಲ್ಲ. ನಾನು ಝಾಡಿಸಿಕೊಳ್ಳಲೂ ಇಲ್ಲ. ಆಮೇಲೆ ಮಾಮಾ ರೊಟ್ಟಿ ಮುರಿದರು.