ಅಲ್ಲೂ ಇದ್ದ, ಇಲ್ಲೂ ಇದ್ದ

ಮನೆಯಲ್ಲಿ ಅವಳಿ ಮಕ್ಕಳು ಹುಟ್ಟಿದಂದಿನಿಂದ ಗುಮಾಸ್ತನಿಗೆ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಒಂದು ಸುಮ್ಮನಾದರೆ ಇನ್ನೊಂದು ರಾಗ ತೆಗೆಯುತ್ತಿತ್ತು. ಪಾಪ, ಆಫೀಸಿನ ಹಿಂದಿನ ಕಟ್ಟಡದ ಸ್ಟೋರ್ ರೂಮಿನಲ್ಲಿ ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಹಾಡು ಹಚ್ಚಿಕೊಂಡು ಕದ್ದು ತೆಗೆಯುತ್ತಿದ್ದ ನಿದ್ದೆಯಿಂದಲೇ ಜೀವ ಹಿಡಿದುಕೊಂಡಿದ್ದ. ಈಗ ಅದಕ್ಕೂ ಕಲ್ಲು ಬಿತ್ತು.

ಎರಡೂ ಕಟ್ಟಡಗಳ ಕಂಪ್ಯೂಟರ್ ತಂತಿಗಳನ್ನು ಜೋಡಿಸುವ ಬ್ರಿಡ್ಜ್ ಎಂಬ ಪೆಟ್ಟಿಗೆಯೊಂದಿತ್ತು. ಯಾರ ಲ್ಯಾಪ್‌ಟಾಪ್ ಯಾವ ಕಡೆ ಇದೆಯೆಂದು ಅದಕ್ಕೆ ಗೊತ್ತಿರುತ್ತದೆ ಎಂದು ಕೇಳಿದ್ದೇ ತಡ, ಮ್ಯಾನೇಜರು ಹಾಜರಿಯನ್ನು ಅದಕ್ಕೇ ಒಪ್ಪಿಸಿಬಿಟ್ಟರು. ಸೀಟು ಬಿಟ್ಟವರು ಮನೆಗೇ ಹೋಗಿ ಎಂದು ಗುಡುಗಿದರು. ಗುಮಾಸ್ತನ ಸೀಟು ಅವರ ಕೋಣೆಯ ಗಾಜಿನಾಚೆಯೇ ಇತ್ತು. ತಲೆ ಎತ್ತಿದರೆ ಕಾಣುತ್ತಿತ್ತು. ಎತ್ತಬೇಕಲ್ಲ!

ಗುಮಾಸ್ತ ಹೋಗಿ ಪೆಟ್ಟಿಗೆ ನೋಡಿಕೊಳ್ಳುವ ಟೆಕ್ನಿಷಿಯನ್ ಗೆಳೆಯನ ಕಾಲು ಹಿಡಿದ.

"ಅದಕ್ಕೆ ಕಣ್ಣಿಲ್ಲ ಕಣೋ, ಬರೀ ಕಿವಿ," ಅಂದ ಅವನು. "ಯಾವ ಕಡೆ ತಂತಿಯಿಂದ ನಿನ್ನ ಲ್ಯಾಪ್‌ಟಾಪ್ ಮಾತಾಡತ್ತೋ, ಆ ಕಡೆ ಇದೆ ಅಂತ ಬರ್ಕೊಳ್ಳತ್ತೆ. ಇನ್ನೊಂದು ಕಡೆಯಿಂದ ಮಾತಾಡಿದ್ರೆ ಹಳೇದು ಅಳಿಸಿ ಹೊಸದು ಬರ್ಕೊಳ್ಳತ್ತೆ. ಸ್ವಲ್ಪ ಹೊತ್ತು ಉಸಿರೆತ್ತದೆ ಇದ್ರೆ ಮರ್ತೇ ಬಿಡತ್ತೆ."

"ಹಾಗಾದ್ರೆ ಲ್ಯಾಪ್‌ಟಾಪ್ ಸೀಟಲ್ಲೇ ಬಿಟ್ಟು ಹೋಗ್ತೀನಿ."

"ಬರಿಗೈಲಿ ಎದ್ದು ಹೋದ್ರೆ ಪಕ್ಕದ ಟೈಪಿಸ್ಟಕ್ಕ ಸುಮ್ನೆ ಬಿಡ್ತಾಳಾ? ಕಂಕುಳಲ್ಲಿ ಲ್ಯಾಪ್‌ಟಾಪ್ ಇದ್ರೆ ಎಲ್ಲಿಗೆ ಅಂತ ಯಾರೂ ಕೇಳಲ್ಲ."

ಟೆಕ್ನಿಷಿಯನ್ ಬಂದು ಗುಮಾಸ್ತನ ಮೇಜಿನ ಕೆಳಗೆ ಹಳೇ ಕಂಪ್ಯೂಟರೊಂದನ್ನು ಇಟ್ಟು, ಅದಕ್ಕೆ ಅವನ ಲ್ಯಾಪ್‌ಟಾಪಿನ ಗುರುತನ್ನೇ ಕೊಟ್ಟು, ಸದಾ ವಟಗುಟ್ಟುತ್ತಿರುವಂತೆ ಮಾಡಿದ. "ಅಲ್ಲಿ ಹೋಗಿ ನೀನೂ ತಂತಿ ಚುಚ್ಚಬೇಡ, ನಿನ್ನ ದಮ್ಮಯ್ಯ!"

ಸ್ಟೋರ್ ರೂಮಿನಲ್ಲಿ ರಟ್ಟುಗಳ ಮೇಲೆ ಗುಮಾಸ್ತ ಮೈ ಚೆಲ್ಲಿದ. ನಿದ್ದೆಯೇ ಬರಲಿಲ್ಲ! ಅಳು ಕೇಳಿ ಕೇಳಿ ಒಗ್ಗಿಹೋದ ಕಿವಿಗೆ ಹಾಡೂ ಇಲ್ಲದ ಆ ಮೌನ ಸಹಿಸಲಾಗಲಿಲ್ಲ. ಆದದ್ದಾಗಲಿ ಎಂದು ಗೋಡೆಯ ತಂತಿಯನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಇಂಟರ್ನೆಟ್ಟಿನಲ್ಲಿ ಒಂದು ಜೋಗುಳ ಹಚ್ಚಿದ. ಹಾಡು ಅರ್ಧ ಇಲ್ಲಿಗೆ ಬಂತು, ಅರ್ಧ ಮೇಜಿನ ಕೆಳಗಿನ ಡಬ್ಬಕ್ಕೆ ಹೋಯಿತು. "ಜೋ" ಎಂದು ನಿಂತಿತು. ಇನ್ನೊಂದು "ಜೋ" ಬರುವಷ್ಟರಲ್ಲಿ ಗುಮಾಸ್ತ ಗೊರಕೆ ಹೊಡೆಯುತ್ತಿದ್ದ.

ಟೆಕ್ನಿಷಿಯನ್ ಓಡಿ ಬಂದು ಅಲುಗಾಡಿಸಿದ. "ಏಳೋ ಪುಣ್ಯಾತ್ಮ! ನೀನು ಈಗ ಅಲ್ಲಿ, ಈಗ ಇಲ್ಲಿ ಅಂತ ಆ ಪೆಟ್ಟಿಗೆ ಬರೆದು ಅಳಿಸಿ, ಬರೆದು ಅಳಿಸಿ ಹುಚ್ಚು ಹಿಡಿಸ್ಕೊಂಡಿದೆ. ಸಾಹೇಬ್ರು ಹಾಜರಿ ತೋರಿಸೋ ಪರದೆ ಮುಂದೆ ನಿಂತು ನಿನ್ನ ಕರೀತಿದಾರೆ!"

ಕೆಲಸ ಹೋಯಿತು, ಮಕ್ಕಳ ಗತಿಯೇನಪ್ಪಾ ಎಂದುಕೊಂಡು ಗುಮಾಸ್ತ ಎದ್ದುಬಿದ್ದು ಓಡಿದ. ಏದುಸಿರು ಬಿಡುತ್ತ, ಬೆವರು ಸುರಿಸುತ್ತ ಮ್ಯಾನೇಜರ ಮುಂದೆ ಹೋಗಿ ನಿಂತ.

ಆ ಬೆವರು ಕಂಡ ಮ್ಯಾನೇಜರು ಪರದೆಯತ್ತ ಬೆರಳು ಮಾಡಿ, ಇಡೀ ಆಫೀಸಿಗೆ ಕೇಳುವಂತೆ ಕೂಗಿದರು.

"ಎಲ್ಲಾರೂ ನೋಡ್ರಯ್ಯಾ! ಊಟ ಆದಾಗಿಂದ ಆ ಕಟ್ಟಡ, ಈ ಕಟ್ಟಡ ಅಂತ ಹೇಗೆ ಓಡಾಡಿದಾರೆ! ನೀವೂ ಇದೀರಿ, ಅಂಟು ಹಾಕ್ಕೊಂಡು ಕೂತೋರು. ಇವತ್ತಿಂದ ಎರಡೂ ಕಟ್ಟಡದ ಕೆಲಸ ಇವರದೇ."

"ಸರ್, ನಾನು..."

"ಥ್ಯಾಂಕ್ಸ್ ಎಲ್ಲ ಬೇಡ ಬಿಡ್ರೀ," ಎಂದು ಮ್ಯಾನೇಜರು ಅವನ ಬೆನ್ನು ತಟ್ಟಿ, ಟೈಪಿಸ್ಟಕ್ಕನ ಕಡೆ ತಿರುಗಿದರು. "ಮೇಡಂ, ಇವರ ಕುರ್ಚಿ ಇನ್ನು ನೀವೇ ಇಟ್ಕೊಳ್ಳಿ, ಕಾಲು ಚಾಚ್ಕೊಳ್ಳೋಕೆ. ಕೂರೋ ಮನುಷ್ಯರಲ್ಲ ಇವರು!"